ಹತ್ತು ದಿನದ ತವರು

ಎಂಟು ವರ್ಷಗಳಿಂದ ನನ್ನ ಅಮ್ಮ ನಮ್ಮ ಮನೆಯಲ್ಲಿ ನೆಂಟರ ಹಾಗೆ ಇದ್ದಾಳೆ. ಜೆ.ಪಿ. ನಗರದಲ್ಲಿ ಏಳನೆಯ ಮಹಡಿಯ ಫ್ಲ್ಯಾಟು. ಅವಳಿಗೆಂದೇ ಒಂದು ಕೋಣೆ, ಕಿಟಕಿಯ ಪಕ್ಕ ಮಂಚ, ಬಡಗಿಯನ್ನು ಕರೆಸಿ ಅವಳ ಕೈಗೆಟುಕುವ ಎತ್ತರಕ್ಕೆ ಮಾಡಿಸಿದ ಬೀರು. ಆ ಬೀರುವಿನಲ್ಲಿ ಈಗ ನಮ್ಮ ಹೆಚ್ಚುವರಿ ಹೊದಿಕೆಗಳೂ ಹಬ್ಬಕ್ಕೆ ಮಾತ್ರ ಇಳಿಸುವ ಪಾತ್ರೆಗಳೂ ಇವೆ. ಅಮ್ಮನ ಸೀರೆಗಳಿರುವುದು ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ. ದಿನಾ ಬೆಳಿಗ್ಗೆ ಅದನ್ನು ಎಳೆದು, ಒಂದು ಸೀರೆ ತೆಗೆದು, ಜಿಪ್ ಹಾಕಿ ಮತ್ತೆ ಒಳಗೆ ತಳ್ಳುತ್ತಾಳೆ.

ಫ್ರಿಜ್ಜು ತೆಗೆಯುವ ಮುಂಚೆ ಕೇಳುತ್ತಾಳೆ. “ಒಂದು ನಿಂಬೆಹಣ್ಣು ತಗೊಳ್ಲೇನಮ್ಮ?” ನನಗೆ ಮೈ ಉರಿಯುತ್ತದೆ. ಹೆತ್ತ ಮಗಳ ಮನೆಯ ನಿಂಬೆಹಣ್ಣಿಗೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ? ಕೇಳಬೇಡ ಎಂದು ನಾನು ರೇಗುತ್ತೇನೆ, ಅವಳು ಮಾರನೆಯ ದಿನ ಒಂದು ಹಿಡಿ ಕೊತ್ತಂಬರಿ ಸೊಪ್ಪಿಗೆ ಮತ್ತೆ ಕೇಳುತ್ತಾಳೆ.

ಇದನ್ನಾದರೂ ಸಹಿಸಬಹುದು. ಅವಳು ನನ್ನನ್ನು ಬೈಯುವುದನ್ನೇ ಬಿಟ್ಟಿದ್ದಾಳಲ್ಲ, ಅದು ಸಹಿಸಲಾಗದ್ದು. ಹನುಮಂತನಗರದ ಮನೆಯಲ್ಲಿದ್ದಾಗ ಅಮ್ಮನ ಬೈಗುಳ ಬೀದಿಯ ತುದಿಯ ಅಂಗಡಿಯವರಿಗೂ ಕೇಳಿಸುತ್ತಿತ್ತು. ನನಗೆ ಮದುವೆಯಾಗಿ ಎಷ್ಟೋ ವರ್ಷ ಕಳೆದ ಮೇಲೂ, ಹಬ್ಬಕ್ಕೆಂದು ಹೋದರೆ ಗೇಟಿನಲ್ಲೇ ಶುರು: ಕೂದಲು ಯಾಕೆ ಹಾಗೆ ಕೆದರಿದೆ, ಕುತ್ತಿಗೆ ಯಾಕೆ ಬೋಳು, ಒಂದು ಫೋನು ಮಾಡಿ ಬರುವುದಕ್ಕೆ ಏನು ಕಷ್ಟ. ಬೈದು ಮುಗಿಸಿದ ಮೇಲೆ ಕಾಫಿ ಕೊಡುತ್ತಿದ್ದಳು. ಈಗ ನಾನು ಹಸಿ ಕೂದಲಲ್ಲೇ ಊಟಕ್ಕೆ ಕೂತರೂ ನೋಡಿ ತಲೆ ತಗ್ಗಿಸುತ್ತಾಳೆ.

ಆ ಮನೆ ಕೂಡುಕುಟುಂಬದ್ದು. ಅಪ್ಪ ತೀರಿಕೊಂಡ ವರ್ಷವೇ ದೊಡ್ಡಪ್ಪ, ಚಿಕ್ಕಪ್ಪ ಸೇರಿ ಅದನ್ನು ಬಿಲ್ಡರಿಗೆ ಕೊಟ್ಟರು. ಈಗ ಅಲ್ಲಿ ಕೆಳಗೆ ಕಾರುಗಳು, ಮೇಲೆ ನಾಲ್ಕು ಅಂತಸ್ತು. ನಾನು ಒಬ್ಬಳೇ ಮಗಳು, ಅಮ್ಮ ನಮ್ಮಲ್ಲಿಗೆ ಬಂದಳು. ಪುಣ್ಯವಂತೆ, ಅಮ್ಮ ಜೊತೆಗೇ ಇರುತ್ತಾಳಲ್ಲ ಎಂದರು ಎಲ್ಲರೂ. ಅಮ್ಮ ಬಂದಳು ನಿಜ, ಆದರೆ ಅವತ್ತಿನಿಂದ ನನಗೆ ಹೋಗುವುದಕ್ಕೆ ಒಂದು ತವರು ಅಂತ ಇಲ್ಲವಾಯಿತು. ಗೌರಿ ಹಬ್ಬ ಬಂದರೆ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಬ್ಯಾಗು ಹಿಡಿದು ಲಿಫ್ಟಿನಲ್ಲಿ ಇಳಿಯುತ್ತಾರೆ. ಒಬ್ಬಳು ಬನಶಂಕರಿಗೆ, ಇನ್ನೊಬ್ಬಳು ಬೆಂಗಳೂರಿನದೇ ಸಿದ್ದಾಪುರಕ್ಕೆ. ಅಷ್ಟು ಹತ್ತಿರದ ತವರಿಗೆ ಅಷ್ಟು ದೊಡ್ಡ ಬ್ಯಾಗು ಯಾಕೋ ಎಂದು ನಾನು ಬಾಲ್ಕನಿಯಲ್ಲಿ ನಿಂತು ಗೊಣಗುತ್ತೇನೆ. ಹೊಟ್ಟೆಕಿಚ್ಚು, ಬೇರೇನಲ್ಲ. ಈ ವಯಸ್ಸಿನಲ್ಲಿ ಇವಳಿಗೆ ತವರಿನ ಆಸೆಯೇ ಎಂದು ನಗುವವರು ನಗಲಿ.

ಇನ್ನು ನಮ್ಮ ಯಜಮಾನರ ಕಥೆ. ಅವರಿಗೆ ಕಲ್ಲಿನ ಮನೆಗಳ ಹುಚ್ಚು. ನೌಕರಿಯುದ್ದಕ್ಕೂ ಕಾಂಕ್ರೀಟಿನ ಜೊತೆ ಗುದ್ದಾಡಿದ ಮನುಷ್ಯ, ನಿವೃತ್ತಿಯಾದ ಮೇಲೆ ಸಂಜೆಯಾದರೆ ಸಾಕು, ಯಾರೋ ದಂಪತಿ ಯಾವುದೋ ದೇಶದ ಪಾಳುಮನೆಗೆ ಗಾರೆ ಮೆತ್ತುವುದನ್ನು ಟಿವಿಯಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಮ್ಮ ಬಚ್ಚಲಿನ ನಲ್ಲಿ ಸೋರಿದರೆ ಮಾತ್ರ ಪ್ಲಂಬರಿಗೆ ಫೋನು. ಹೀಗೆ ನೋಡುತ್ತ ನೋಡುತ್ತ ಒಂದು ದಿನ, ಫ್ರಾನ್ಸಿನ ನೈಋತ್ಯದ ಹಳ್ಳಿಯೊಂದರಲ್ಲಿ ಮುನ್ನೂರು ವರ್ಷ ಹಳೆಯ ರೈತರ ಮನೆ ಹತ್ತು ದಿನಕ್ಕೆ ಬಾಡಿಗೆಗೆ ಸಿಗುತ್ತದೆಂದು ಪತ್ತೆ ಮಾಡಿದರು. ಗೋಡೆಗಳ ಫೋಟೋವನ್ನು ದೊಡ್ಡದು ಮಾಡಿ ಮಾಡಿ ತೋರಿಸಿದರು. ನಾನು ಅಡುಗೆಮನೆಯ ಫೋಟೋ ಕೇಳಿದೆ, ಅದನ್ನು ಅವರು ಇನ್ನೂ ನೋಡಿರಲಿಲ್ಲ.

“ನೀವಿಬ್ರೂ ಹೋಗ್ಬನ್ನಿ. ನಾನು ಇಲ್ಲಿ ಹೇಗೋ ಇರ್ತೀನಿ,” ಎಂದಳು ಅಮ್ಮ.

“ಆ ಮನೇಲಿ ಮಲಗೋಕೆ ಎರಡು ರೂಮಿದೆ ಅತ್ತೆ. ನೀವು ಬರದಿದ್ರೆ ಒಂದು ರೂಮು ಸುಮ್ನೆ ದಂಡ,” ಎಂದರು ಇವರು. ದಂಡ ಎಂಬ ಮಾತನ್ನು ಅಮ್ಮ ಸಹಿಸಳು. ಕಾಫಿ ಫಿಲ್ಟರು, ಸೋನಾ ಮಸೂರಿ, ಹುಳಿಪುಡಿ ಕಟ್ಟಿಕೊಂಡು ಹೊರಟಳು.

ನಾವು ಅಲ್ಲಿಗೆ ಮುಟ್ಟಿದ್ದು ಅಕ್ಟೋಬರಿನ ಒಂದು ಮಧ್ಯಾಹ್ನ. ಬಾಡಿಗೆಯ ಕಾರನ್ನು ಇವರೇ ಓಡಿಸಿದ್ದರು, ರಸ್ತೆಯ ಬಲಗಡೆಯಲ್ಲಿ ಓಡಿಸುವ ಭಯಕ್ಕೆ ದಾರಿಯುದ್ದಕ್ಕೂ ಯಾರೂ ಮಾತಾಡಿರಲಿಲ್ಲ. ಮನೆಯೊಡತಿ, ಪಕ್ಕದ ತೋಟದಲ್ಲೇ ಇರುವ ನರೆಗೂದಲಿನ ಹೆಂಗಸು, ಬೀಗದ ಕೈ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಜೇನಿನ ಬಣ್ಣದ ಕಲ್ಲು, ಮೊಳಕ್ಕಿಂತ ದಪ್ಪದ ಗೋಡೆ, ನಡುವೆ ಸವೆದು ತಗ್ಗಾದ ಕಲ್ಲಿನ ಹೊಸ್ತಿಲು. ಯಜಮಾನರು ಗೋಡೆ ಸವರುತ್ತ ಒಳಗೆ ನುಗ್ಗಿ, ಬಾಗಿಲಿನ ಮೇಲಿನ ಅಡ್ಡಪಟ್ಟಿಗೆ ಹಣೆ ಚಚ್ಚಿಕೊಂಡರು. ಹತ್ತು ದಿನದಲ್ಲಿ ಆ ಬಾಗಿಲಿಗೆ ಅವರು ತಲೆ ಬಾಗುವುದನ್ನು ಕಲಿಯಲೇ ಇಲ್ಲ.

ಅಮ್ಮ ಬಲಗಾಲಿಟ್ಟು ಒಳಗೆ ಹೋದಳು. ತಿರುಗಿ ನೋಡಿದಳು. ಮನೆಯೊಡತಿ ಮರ್ಯಾದೆಗೆ ಹೊರಗೇ ನಿಂತಿದ್ದಳು.

“ಅಯ್ಯೋ, ಅಲ್ಲೇ ಯಾಕೆ ನಿಂತ್ರಿ? ಒಳಗೆ ಬನ್ನಿ. ಕೂತ್ಕೊಳ್ಳಿ, ಕಾಫಿ ಮಾಡ್ತೀನಿ,” ಎಂದಳು ಅಮ್ಮ, ಅಚ್ಚ ಹನುಮಂತನಗರದ ಕನ್ನಡದಲ್ಲಿ.

ಆ ಹೆಂಗಸಿಗೆ ಕೈಸನ್ನೆ ಅರ್ಥವಾಯಿತು. ಬಂದು ತನ್ನದೇ ಮನೆಯ ಕುರ್ಚಿಯಲ್ಲಿ ಸಂಕೋಚದಿಂದ ಕೂತಳು. ಯಜಮಾನರು ನಾಚಿ ಕೆಂಪಗಾದರು. ನಾನು ಮಾತ್ರ ಅಮ್ಮನನ್ನೇ ನೋಡುತ್ತಿದ್ದೆ. ಎಂಟು ವರ್ಷದಲ್ಲಿ ನಮ್ಮ ಮನೆಗೆ ಅವಳು ಯಾರನ್ನೂ ಒಳಗೆ ಕರೆದಿಲ್ಲ. ಕಾಲಿಂಗ್ ಬೆಲ್ ಆದರೆ ತನ್ನ ಕೋಣೆಯಿಂದಲೇ, “ಯಾರೋ ಬಂದಿದ್ದಾರೆ ನೋಡಮ್ಮ,” ಎನ್ನುತ್ತಾಳೆ, ಅಷ್ಟೇ.

ಕಾಫಿಗೆ ಮುಂಚೆ ಹಾಲುಕ್ಕಬೇಕೆಂದಳು. “ಹತ್ತು ದಿನದ ಬಾಡಿಗೆ ಮನೆಗೆ ಗೃಹಪ್ರವೇಶಾನಾ ಅತ್ತೆ?” ಎಂದು ಇವರು ಕೇಳುವಷ್ಟರಲ್ಲಿ ಮನೆಯೊಡತಿ ತಂದಿಟ್ಟಿದ್ದ ಹಾಲು ಒಲೆಯ ಮೇಲಿತ್ತು. ಗಾಜಿನ ಹಲಗೆಯ ಕರೆಂಟಿನ ಒಲೆ. ಹಾಲು ಪೂರ್ವಕ್ಕೇ ಉಕ್ಕಿ ಹರಿದು, ಸೀದು, ಹಲಗೆಗೆ ಅಂಟಿಕೊಂಡಿತು. ಅಮ್ಮ ಕೈಮುಗಿದಳು. ಮನೆಯೊಡತಿಯೂ ಏನೋ ಅನಾಹುತವಾಯಿತೆಂದು ಎದ್ದು, ಆಮೇಲೆ ಅಮ್ಮನ ಮುಖ ನೋಡಿ ಕೈಮುಗಿದಳು. ಯಜಮಾನರು ಸಂಜೆಯವರೆಗೆ ಆ ಕಲೆ ಉಜ್ಜಿದರು.

ಸಂಜೆ ಅಮ್ಮನಿಗೆ ಬಿಸಿನೀರು ಕೊಡಲು ಮಹಡಿಯ ಮೇಲಿನ ಅವಳ ಕೋಣೆಗೆ ಹೋದೆ. ಸೂಟ್‌ಕೇಸು ಬರಿದಾಗಿ ಗೋಡೆಗೆ ಒರಗಿ ನಿಂತಿತ್ತು. ಮೂಲೆಯಲ್ಲಿದ್ದ ದೊಡ್ಡ ಹಳೆಯ ಮರದ ಬೀರುವಿನಲ್ಲಿ ಅವಳ ಸೀರೆಗಳು ಮಡಿಕೆ ಮಡಿಕೆಯಾಗಿ ಕೂತಿದ್ದವು. ಗೋಡೆಯಲ್ಲೊಂದು ಗೂಡು ಹುಡುಕಿ ದೇವರ ಪಟ ಇಟ್ಟಾಗಿತ್ತು.

ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು.

“ಇಲ್ಲಿ ಬೀರು ತುಂಬಿಸಿಬಿಟ್ಟಿದ್ದೀಯ. ನಮ್ಮನೇಲಿ ನಿನಗೋಸ್ಕರ ಮಾಡ್ಸಿದ್ನಲ್ಲ, ಅದ್ರಲ್ಲಿ ಒಂದು ಕರವಸ್ತ್ರಾನೂ ಇಟ್ಟಿಲ್ಲ ನೀನು.”

“ಅದು ಅಳಿಯಂದಿರ ಮನೆ ಕಣೆ.”

“ಅರ್ಧ ನಂದಮ್ಮ. ಪತ್ರದಲ್ಲೂ ನನ್ನ ಹೆಸರಿದೆ.”

“ಪತ್ರ ಯಾರು ನೋಡ್ತಾರೆ? ಮಗಳ ಮನೇಲಿ ತಾಯಿ ಎಷ್ಟು ವರ್ಷ ಇದ್ರೂ ಬಂದೋಳೇ. ನಿನ್ನ ಮೇಲೆ ಸಿಟ್ಟಿಲ್ಲ, ಅಳಿಯಂದಿರೂ ಬಂಗಾರದಂಥೋರು. ಆದ್ರೆ ಅದು ಹಾಗೇನೇ.” ಹಾಸಿಗೆಯ ಮೇಲೆ ಕೂತು ಕಾಲು ನೀವಿಕೊಂಡಳು. “ಇದಾದ್ರೆ ನಿಂದೂ ಅಲ್ಲ, ಅವರದೂ ಅಲ್ಲ. ಬಾಡಿಗೆ ಮನೆ. ಹತ್ತು ದಿನ ನಂದು ಅಂದ್ಕೊಂಡ್ರೆ ಯಾರಿಗೇನು ನಷ್ಟ?”

ನಾನು ಮುಖ ಊದಿಸಿಕೊಂಡು ಕೆಳಗೆ ಬಂದು, ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆ. ನಾನು ಎಂಟು ವರ್ಷ ಹೆಣಗಿದರೂ ಕೊಡಲಾಗದ್ದನ್ನು ಯಾವುದೋ ದೇಶದ ಯಾರದೋ ಮನೆ ಒಂದೇ ಮಧ್ಯಾಹ್ನದಲ್ಲಿ ಕೊಟ್ಟುಬಿಟ್ಟಿತ್ತು. ಇವರು ಬಂದು ಪಕ್ಕದಲ್ಲಿ ಕೂತು, ಕಲ್ಲಿನ ಸಂದಿಗೆ ಸುಣ್ಣದ ಗಾರೆಯನ್ನೇ ಯಾಕೆ ತುಂಬುತ್ತಾರೆಂದು ವಿವರಿಸತೊಡಗಿದರು. ಅವರ ಮೇಲೂ ರೇಗಿದೆ.

ಮಾರನೆಯ ಬೆಳಿಗ್ಗೆ ಎಚ್ಚರವಾದದ್ದು ಕೆಳಗಿನಿಂದ ಬಂದ ಕೂಗಿಗೆ.

“ಏ, ಎದ್ದೇಳೇ! ಸೂರ್ಯ ನೆತ್ತಿಗೆ ಬಂದ. ಕಾಫಿ ಆರಿ ನೀರಾಯ್ತು!”

ನಾನು ಹೊದಿಕೆಯೊಳಗೆ ಹಾಗೇ ಮಲಗಿದ್ದೆ. ಆ ದನಿಯನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಇನ್ನೊಮ್ಮೆ ಕೂಗಲಿ ಎಂದು ಬೇಕೆಂದೇ ಏಳಲಿಲ್ಲ. ಇನ್ನೊಮ್ಮೆ ಕೂಗಿದಳು, ಈ ಸಲ ನನ್ನ ಅತ್ತೆಮನೆಯವರು ನನ್ನನ್ನು ಹೇಗೆ ತಡೆದುಕೊಂಡರೋ ಎಂಬ ಮಾತನ್ನೂ ಸೇರಿಸಿ. ನನಗೆ ಕಣ್ಣು ತುಂಬಿ ಬಂತು, ನಗುವೂ ಬಂತು.

ಆಮೇಲಿನದೆಲ್ಲ ಹಾಗೇ ನಡೆಯಿತು. ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಎಸೆದದ್ದಕ್ಕೆ ಬೈದಳು. ಬರಿಗಾಲಲ್ಲಿ ತಣ್ಣನೆಯ ಕಲ್ಲಿನ ಮೇಲೆ ಓಡಾಡಿದ್ದಕ್ಕೆ ಬೈದಳು. ನಾನು ತರಕಾರಿ ಹೆಚ್ಚಲು ಹೋದರೆ ಚಾಕು ಕಿತ್ತುಕೊಂಡು, “ನಾಲ್ಕು ದಿನ ಬಂದಿದ್ದೀಯ, ಕಾಲು ಚಾಚ್ಕೊಂಡು ಕೂತ್ಕೋ ಹೋಗು,” ಎಂದು ಅಟ್ಟಿದಳು. ಆ ಊರಿನ ಕುಂಬಳಕಾಯಿಗೆ ನಮ್ಮ ಹುಳಿಪುಡಿ ಹಾಕಿ ಅವಳು ಮಾಡಿದ ಹುಳಿಯನ್ನು ನಾನು ಮೂರು ಸಲ ಬಡಿಸಿಕೊಂಡೆ. ಕೇಳದೆಯೇ ಇವರ ತಟ್ಟೆಗೂ ಸುರಿದಳು. “ಅಳಿಯಂದಿರಿಗೆ ಇಷ್ಟಾನೋ ಇಲ್ವೋ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುವ ನಮ್ಮ ಫ್ಲ್ಯಾಟಿನ ಅಮ್ಮ ಅಲ್ಲಿರಲಿಲ್ಲ. ಇವರು ಹಳ್ಳಿಯ ಹಳೆಯ ಗೋಡೆಗಳನ್ನೆಲ್ಲ ತಡವಿ ನೋಡಲು ಹೊರಟರೆ, ನಾನು ಅಡುಗೆಮನೆಯ ಬೆಂಚಿನ ಮೇಲೆ ಬಿದ್ದುಕೊಂಡು ಅಮ್ಮನ ಮಾತು ಕೇಳುತ್ತಿದ್ದೆ. ಯಾವ ಊರಿಗೆ ಬಂದಿದ್ದೇವೆ ಎಂಬುದೇ ನನಗೆ ಮರೆತುಹೋಗುತ್ತಿತ್ತು. ನಾನು ತವರಿಗೆ ಬಂದಿದ್ದೆ, ಅಷ್ಟೇ.

ದಿನಗಳು ಕಳೆದಂತೆ ನಾನು ಉಳಿದವನ್ನು ಬೆರಳು ಮಡಿಚಿ ಎಣಿಸತೊಡಗಿದೆ. ಬೆಂಗಳೂರಿಗೆ ವಾಪಸು ಹೋದರೆ ಅಮ್ಮ ನನ್ನ ಜೊತೆಗೇ ಇರುತ್ತಾಳೆ. ಆದರೆ ಈ ಅಮ್ಮ ಇಲ್ಲೇ ಉಳಿದುಬಿಡುತ್ತಾಳೆ. ಇದನ್ನು ಯಾರಿಗೆ ಹೇಳುವುದು? ಇವರಿಗೆ ಹೇಳಿದೆ. “ಇನ್ನೊಂದು ವಾರ ಮನೆ ಖಾಲಿ ಇದೆಯಾ ಕೇಳ್ಲಾ?” ಎಂದರು. ಕೇಳಿದರು ಕೂಡ. ಬೇರೆ ಯಾರೋ ಬರುವವರಿದ್ದರು.

ಹೊರಡುವ ಬೆಳಿಗ್ಗೆ ಇವರು ಸಾಮಾನನ್ನೆಲ್ಲ ಕಾರಿಗೆ ತುಂಬಿದರು. ನಾನು ಹೊಸ್ತಿಲಾಚೆ ನಿಂತಿದ್ದೆ. ಅಮ್ಮ ಒಳಗಿನಿಂದ ಕರೆದಳು.

“ಒಳಗೆ ಬಾ. ಪೂರ್ವಕ್ಕೆ ಮುಖ ಮಾಡಿ ಕೂತ್ಕೋ.”

“ಫ್ಲೈಟಿಗೆ ಹೊತ್ತಾಗುತ್ತಮ್ಮ.”

“ಹೊತ್ತಾಗುತ್ತೆ ಅಂತ ಬರಿ ಮಡಿಲಲ್ಲಿ ಕಳಿಸಕ್ಕಾಗುತ್ತಾ?”

ತಟ್ಟೆಯಲ್ಲಿ ಉಳಿದಿದ್ದ ಅಕ್ಕಿ, ಒಂದು ಅಚ್ಚು ಬೆಲ್ಲ, ಎರಡು ಸೇಬು, ಒಂದು ರವಿಕೆ ಕಣ. ಮನೆಯೊಡತಿ ತನ್ನ ಮರದಿಂದ ಆರಿಸಿ ಕೊಟ್ಟಿದ್ದ ಅಕ್ರೋಟುಗಳು. “ತೆಂಗಿನಕಾಯಿ ಸಿಗ್ಲಿಲ್ಲ. ಇದೂ ಚಿಪ್ಪಿರೋ ಕಾಯೇ, ನಡೆಯುತ್ತೆ,” ಎಂದಳು.

ನಾನು ಬೆರಗಾಗಿ ಕೂತೆ. ಅಪ್ಪ ಹೋದ ಮೇಲೆ ಅಮ್ಮ ಯಾರ ಮಡಿಲನ್ನೂ ತುಂಬಿದವಳಲ್ಲ. ಅರಿಶಿನ ಕುಂಕುಮದ ತಟ್ಟೆ ಬಂದರೆ ತಾನಾಗಿಯೇ ಅಡುಗೆಮನೆಗೆ ಸರಿದುಬಿಡುತ್ತಿದ್ದಳು. ಹನುಮಂತನಗರದ ಮನೆಯಿಂದ ನಾನು ಕೊನೆಯ ಸಲ ಹೊರಟಾಗಲೂ ಮಡಿಲು ತುಂಬಿದ್ದು ದೊಡ್ಡಮ್ಮ. ಅಮ್ಮ ಬಾಗಿಲ ಹಿಂದೆ ನಿಂತಿದ್ದಳು. ನಾನು ಜಗಳವಾಡಿದರೂ, ಅತ್ತರೂ ಮುಂದೆ ಬಂದಿರಲಿಲ್ಲ.

ನಾನು ಹಾಕಿದ್ದದ್ದು ಚೂಡಿದಾರ, ಒಡ್ಡಲು ಸೆರಗಿಲ್ಲ. “ಇದೊಂದು ವೇಷ,” ಎಂದು ಬೈದು, ನನ್ನ ಹೆಗಲಿನ ಶಾಲನ್ನೇ ಎಳೆದು ಮಡಿಲಿಗೆ ಹಾಸಿದಳು. ನನ್ನ ಚೀಲದಿಂದ ತೆಗೆದ ಕುಂಕುಮದ ಭರಣಿಯನ್ನು, ನೀನೇ ಇಟ್ಟುಕೋ ಎಂಬಂತೆ ನನ್ನತ್ತ ಹಿಡಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ತನ್ನ ಉಂಗುರದ ಬೆರಳಿನಿಂದ ತಾನೇ ಇಟ್ಟಳು.

“ಇಲ್ಲಿ ನನ್ನನ್ನ ಕೇಳೋರು ಯಾರಿದ್ದಾರೆ,” ಎಂದಳು.

ಮಡಿಲು ಹಿಡಿದುಕೊಂಡು ಹೊಸ್ತಿಲು ದಾಟಿದೆ. ಅಮ್ಮ ಒಳಗೇ ನಿಂತಳು.

“ಮತ್ತೆ ಯಾವಾಗ ಬರ್ತೀಯ?”

ಇನ್ನೆರಡು ನಿಮಿಷಕ್ಕೆ ನನ್ನ ಪಕ್ಕದಲ್ಲೇ ಕಾರಿನಲ್ಲಿ ಕೂರುವವಳು ಕೇಳುತ್ತಿದ್ದಳು. ಅವಳ ಮುಖದಲ್ಲಿ ತಮಾಷೆಯಿರಲಿಲ್ಲ.

“ದೀಪಾವಳಿಗೆ ಬರ್ತೀನಮ್ಮ,” ಎಂದೆ.

“ಎರಡು ದಿನ ಮುಂಚೆ ಬಾ. ಹಬ್ಬದ ದಿನ ಬಂದು ಉಂಡ್ಕೊಂಡು ಓಡೋದಲ್ಲ.”

ಆಮೇಲೆ ಹೊರಗೆ ಬಂದು ಬಾಗಿಲೆಳೆದು, ಬೀಗದ ಕೈಯನ್ನು ಮನೆಯೊಡತಿಗೆ ಒಪ್ಪಿಸಿ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ಕಾರು ಅಕ್ರೋಟಿನ ಮರಗಳ ಸಾಲು ದಾಟಿ ರಸ್ತೆಗೆ ತಿರುಗಿತು. ನನಗೆ ತಡೆಯಲಾಗಲಿಲ್ಲ. ಶಾಲಿನ ತುದಿ ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಇವರು ಕನ್ನಡಿಯಲ್ಲಿ ನೋಡಿ ಗಾಬರಿಯಾಗಿ ಕಾರು ನಿಧಾನ ಮಾಡಿದರು. “ಏನಾಯ್ತು? ಅತ್ತೆ, ಏನಾಯ್ತು ಇವಳಿಗೆ?”

ಅಮ್ಮ ಕಿಟಕಿಯಾಚೆ ನೋಡುತ್ತಲೇ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

“ಏನಿಲ್ಲ, ನೀವು ಗಾಡಿ ಓಡಿಸಿ. ತವರಿಂದ ಹೊರಟಿದ್ದಾಳೆ.”