ನೀರು ಸೋಸುವಾಗಿನ ಹಾಡು

ನಮ್ಮ ಬ್ಯಾಂಡಿನ ಎರಡನೆಯ ಹಾಡು ನನ್ನದಲ್ಲ. ಧಾಟಿ ನನ್ನದಲ್ಲ, ನಡೆ ನನ್ನದಲ್ಲ, ಎಲ್ಲರೂ ಮೆಚ್ಚುವ ಆ ಮೌನವಂತೂ — ಖಂಡಿತ ನನ್ನದಲ್ಲ. ಅದು ಪದ್ಮಾ ಕಾಕುವಿನದು. ಇಷ್ಟು ವರ್ಷ ನನ್ನದೆಂದೇ ಹೇಳಿಕೊಂಡು ತಿರುಗಿದೆ.

ಕಾಕು ಎಂದರೆ ನಮ್ಮ ಡ್ರಮ್ಮರ್ ಸನ್ಮತಿಯ ತಾಯಿ. ನಾನು ಕಬ್ಬೂರಿನವನು, ಕಾಲೇಜಿಗೆಂದು ನಿಪ್ಪಾಣಿಗೆ ಬಂದು, ಓದು ಬಿಟ್ಟು ಗಿಟಾರ್ ಹಿಡಿದವನು. ನಮ್ಮ ಗದ್ದಲಕ್ಕೆ ಹೆದರಿ ಯಾರೂ ಜಾಗ ಕೊಡದಿದ್ದಾಗ ಕಾಕು ತಮ್ಮ ಮನೆಯ ಹಿಂದಿನ ಖಾಲಿ ತಂಬಾಕಿನ ಗೋದಾಮಿನ, ಅವರ ಮಾತಿನಲ್ಲಿ ವಖಾರದ, ಕೀಲಿ ಕೊಟ್ಟರು. “ಎಷ್ಟ ಬಡೀತೀರಿ ಬಡೀರಿ. ಹೊತ್ತ ಮುಳಗೂದ್ರಾಗ ಊಟಕ್ಕ ಬರ್ರಿ,” ಎಂದರು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಉಳಿದ ರಾಕ್ ಬ್ಯಾಂಡಿನವರು ಕತ್ತಲಾದ ಮೇಲೆ ಶುರು ಮಾಡುತ್ತಾರಂತೆ. ನಾವು ಕತ್ತಲಾಗುವ ಮೊದಲೇ ಕೈಕಾಲು ತೊಳೆದು ಒಳ್ಳೆಯ ಮಕ್ಕಳ ಹಾಗೆ ತಾಟಿನ ಮುಂದೆ ಕೂತಿರುತ್ತಿದ್ದೆವು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು — ಮನೆಯಿಂದ ದೂರವಿದ್ದ ಆ ವರ್ಷಗಳಲ್ಲಿ ನನ್ನನ್ನು ಸಾಕಿದ್ದು ಆ ಅಡಿಗೆಮನೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ವಖಾರದಲ್ಲಿ ಹುಟ್ಟಿದ ಮೊದಲ ಹಾಡು ‘ಧೂಳು’. ನಾಲ್ಕರ ನಡೆ, ಮೊದಲ ಕ್ಷಣದಿಂದಲೇ ಡ್ರಮ್ಮು, ಕಿವಿ ಕೊರೆಯುವ ಗಿಟಾರ್, ಒಡೆದ ದನಿ. ಆ ದನಿಯನ್ನು ಜನ ಬಹಳ ಹೊಗಳಿದರು. ನಿಜವೆಂದರೆ, ಗೋಡೆಗೆ ಅಂಟಿದ್ದ ತಂಬಾಕಿನ ಪುಡಿ ನನ್ನ ಗಂಟಲಿಗೆ ಇಳಿದಿತ್ತು. ಒಂದು ಸಾಲು ಹಾಡಿದರೆ ಎರಡು ಸಲ ಸೀನು. ಆದರೂ ಅದು ಸೀನಿನ ಸಮೇತ ನನ್ನದು.

ಎರಡನೆಯದು ‘ಹೊತ್ತು’. ಏಳರ ನಡೆ. ಡ್ರಮ್ಮಿಲ್ಲದೆ, ಬರೀ ದನಿಯಿಂದ ಶುರುವಾಗುತ್ತದೆ. ಗಿಟಾರ್ ತಡವಾಗಿ, ಮೆಲ್ಲಗೆ ಬಂದು ಸೇರುತ್ತದೆ. ಸಾಲಿನ ಕೊನೆಗೆ ಎಲ್ಲವೂ ನಿಲ್ಲುತ್ತದೆ. ಸನ್ಮತಿ ಕೋಲುಗಳನ್ನು ಮೇಲೆತ್ತಿ ಹಿಡಿಯುತ್ತಾನೆ, ಕೇಳುವವರು ಉಸಿರು ಹಿಡಿಯುತ್ತಾರೆ. ಆಮೇಲೆ ಮತ್ತೆ ದನಿ.

ಆ ನಿಲುಗಡೆ ಬಂದದ್ದು ಅಡಿಗೆಮನೆಯಿಂದ. ಊಟಕ್ಕೆ ಮುಂಚೆ ಕಾಕು ಕೊಡದ ಬಾಯಿಗೆ ಬಿಳಿ ಅರಿವೆ ಹಾಸಿ, ಗುನುಗುತ್ತ ನೀರು ಸೋಸುತ್ತಿದ್ದರು. ಅರಿವೆ ತುಂಬಿದ ಕೂಡಲೇ ಹಾಡು ನಿಲ್ಲುತ್ತಿತ್ತು. ನೀರು ಇಳಿಯುವವರೆಗೆ, ಅರಿವೆಯಲ್ಲಿ ಯಾವುದಾದರೂ ಸಣ್ಣ ಜೀವ ಉಳಿದಿದೆಯೋ ಎಂದು ನೋಡುತ್ತ ಸುಮ್ಮನಿರುತ್ತಿದ್ದರು. ಮತ್ತೆ ನೀರು, ಮತ್ತೆ ಹಾಡು. ಯಾರು ಕಲಿಸಿದ್ದೆಂದು ಒಮ್ಮೆ ಕೇಳಿದ್ದೆ. “ಯಾರ ಕಲಸ್ತಾರಪಾ? ನೀರ ಸೋಸೂ ಮುಂದ ಬಾಯಿಗಿ ಬಂದದ್ದು,” ಎಂದು ನಕ್ಕಿದ್ದರು.

ಅದನ್ನೇ ಗಿಟಾರಿಗೆ ಹಾಕಿಕೊಂಡು, ಬೇರೆ ಮಾತು ಕೂಡಿಸಿ ವಖಾರಕ್ಕೆ ಒಯ್ದೆ. ಸನ್ಮತಿ ಕೇಳಿದ ಕೂಡಲೇ ಕೈ ನಿಲ್ಲಿಸಿದ. “ಲೇ, ಇದು ನಮ್ಮವ್ವ ಹಾಡೂದ ಅಲ್ಲೇನು?”

“ನಿಮ್ಮವ್ವ ಗುನಗತಾಳ,” ಎಂದೆ ನಾನು. “ಹಾಡ ಮಾಡಿದಾಂವ ನಾನು.”

ನಾನು ಆಡಿದ್ದು ಇದೇ ಮಾತು. ಅವನು ಮತ್ತೆ ಎತ್ತಲಿಲ್ಲ, ಗೆಳೆತನ ದೊಡ್ಡದೆಂದುಕೊಂಡಿರಬೇಕು. ನಾನು — ನಾನು ಅದನ್ನು ಒಪ್ಪಿಗೆಯೆಂದು ತಿಳಿದೆ. ಹಾಗೆ ತಿಳಿಯುವುದು ನನಗೆ ಅನುಕೂಲವಿತ್ತು.

ಅಥಣಿಯ ಒಂದು ಕಾರ್ಯಕ್ರಮದಲ್ಲಿ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಎರಡೂ ಹಾಡು ಒಂದೇ ಬ್ಯಾಂಡಿಂದು ಅನಸೂದಿಲ್ರಿ. ಇಷ್ಟ ಫರಕ ಹೆಂಗ?” ಕಾಕು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ನಾಲ್ಕರ ನಡೆ, ಏಳರ ನಡೆ ಎಂದೆಲ್ಲ ವಿವರಿಸಿದೆ. ಮೌನವೂ ಸಂಗೀತವೇ ಎಂದು ಒಂದು ಸಂಜೆ ನನಗೆ ಹೊಳೆಯಿತು, ಅಂದೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಕಾಕು.

ಆಮೇಲೊಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಕಾಕು ತಾವಾಗಿಯೇ ಹೇಳಿದರು, ನಗುತ್ತಲೇ. “ಬಾಜೂ ಮನೀಯವ್ರು ಚ್ಯಾಷ್ಟಿ ಮಾಡಿದ್ರು ನೋಡಪಾ, ಪೋರಗೋಳ ಹಾಡ ಹಾಡಾಕತ್ತೀರಲ್ರಿ ಅಂತ. ಹೌದವಾ, ಅದು ಅವಂದ ಅಂದೆ. ಈಗ ಹಾಡೂದು ಬಿಟ್ಟೇನಿ.”

ನಾನು ಆಗಲಾದರೂ ಹೇಳಬಹುದಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ.

ಹೋದ ವಾರ ನಿಪ್ಪಾಣಿಗೆ ಹೋದೆ. ಕಾಕುವಿನ ಮುಂದೆ ಕೂತು, “ಆ ಹಾಡ ನಿಮ್ಮದರಿ, ಕಾಕು. ನಾ ಕದ್ದೇನಿ,” ಎಂದೆ. ಅವರು ಎದ್ದು ಬಾಗಿಲ ಹೊರಗಿನ ಬಿಸಿಲು ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. “ಹೊತ್ತ ಮುಳಗಾಕತ್ತೈತಿ,” ಎಂದರು. “ಏಳ, ಮೊದಲ ಉಣ್ಣ.”

ಇಂಥ ಕೈಯ ಅನ್ನ ಉಂಡೆನಲ್ಲ, ಅದು ನನ್ನ ಪುಣ್ಯ. ಅಲ್ಲಿಯೇ ಕದ್ದೆನಲ್ಲ, ಅದಕ್ಕೆ ನನ್ನಲ್ಲಿ ಯಾವ ಸಬೂಬೂ ಇಲ್ಲ.

ಊಟಕ್ಕೆ ಮುಂಚೆ ಅವರು ನೀರು ಸೋಸಲು ಕೂತರು. ನಾನು ಅರಿವೆಯ ಅಂಚು ಹಿಡಿದೆ. ನೀರು ಸುರಿದರು, ಅರಿವೆ ತುಂಬಿತು, ಕಾದರು, ಮತ್ತೆ ಸುರಿದರು. ಕೊಡ ತುಂಬುವವರೆಗೂ ಕೇಳಿದ್ದು ನೀರಿನ ಸದ್ದೊಂದೇ.

ಬರುವ ಭಾನುವಾರ ಚಿಕ್ಕೋಡಿಯಲ್ಲಿ ನಮ್ಮ ಕಾರ್ಯಕ್ರಮವಿದೆ. ‘ಹೊತ್ತು’ ಶುರು ಮಾಡುವ ಮೊದಲು ಇಲ್ಲಿ ಬರೆದದ್ದನ್ನೆಲ್ಲ ಮೈಕಿನಲ್ಲಿ ಹೇಳುತ್ತೇನೆ, ಅವರ ಹೆಸರು ಹಿಡಿದು. ಕಾಕು ಬರುತ್ತೇನೆ ಎಂದಿದ್ದಾರೆ. ಹಾಡುತ್ತೇನೆ ಎಂದಿಲ್ಲ.