ಹಿಂದಿರುಗಿಸಿದ ಅರ್ಜಿ

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ನಾನು ಮೊದಲಿನಿಂದಲೂ ಕೀಳಾಗಿ ಕಂಡವನು. ದೆಹಲಿಯ ವಸಂತ್ ಕುಂಜ್‌ನಲ್ಲಿ ನಮ್ಮ ಕನ್ನಡಿಗರು ಸೇರಿದಾಗ ಯಾರಾದರೂ ದೆವ್ವದ ಮಾತು ತೆಗೆದರೆ ಎದ್ದು ಕಾಫಿ ಲೋಟ ತೊಳೆಯಲು ಹೋಗುತ್ತಿದ್ದೆ. ಯಾವ ವಾರ, ಎಷ್ಟು ಗಂಟೆ, ಬಾಗಿಲು ಒಳಗಡೆ ತೆರೆಯುತ್ತದೋ ಹೊರಗಡೆಯೋ ಎಂದು ಕೇಳಿದರೆ ಇವರು ತಡವರಿಸುತ್ತಾರೆ. ನೋಡಲು ಬಾರದವರು ಏನನ್ನೋ ನೋಡಿದೆವು ಎನ್ನುತ್ತಾರೆ ಎಂಬುದು ನನ್ನ ತೀರ್ಮಾನವಾಗಿತ್ತು. ಈಗ ನಾನೂ ಆ ಸಾಲಿಗೆ ಸೇರಿದ್ದೇನೆ. ಆದ್ದರಿಂದ ಕೊನೆಯ ಪಕ್ಷ ವಾರ, ಗಂಟೆ, ಬಾಗಿಲು ಇವನ್ನಾದರೂ ಸರಿಯಾಗಿ ಹೇಳುತ್ತೇನೆ.

ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಮೂವತ್ತನಾಲ್ಕು ವರ್ಷ ನಾನು ಮಾಡಿದ ಕೆಲಸ ಜನರ ಅರ್ಜಿಗಳನ್ನು ಪರಿಶೀಲಿಸುವುದು. ಕೊರತೆ ಹುಡುಕುವುದರಲ್ಲಿ ನನಗೆ ಹೆಸರಿತ್ತು. ಅರ್ಜಿ ಕೈಗೆ ಬಂದರೆ ಅದರಲ್ಲಿ ಏನಿದೆ ಎಂದು ನೋಡುವ ಮೊದಲು ಏನಿಲ್ಲ ಎಂದು ನೋಡುತ್ತಿದ್ದೆ. ನನ್ನ ಹೆಂಡತಿ ವಿಮಲಾ ಶಾಲೆಯಲ್ಲಿ ಇತಿಹಾಸದ ಟೀಚರ್ ಆಗಿದ್ದಳು. ದೆಹಲಿಯ ಸುಲ್ತಾನರನ್ನು ವರ್ಷ ವರ್ಷವೂ ಪಾಠ ಮಾಡಿದವಳು, ಅವರು ಕಟ್ಟಿಸಿದ್ದನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದಳು. ಇಬ್ಬರೂ ನಿವೃತ್ತರಾದ ಮೇಲೆ ಹಳೆಯ ಟೆಂಪೊ ಒಂದನ್ನು ಕೊಂಡು, ಫರೀದಾಬಾದಿನ ಗ್ಯಾರೇಜಿನಲ್ಲಿ ಅದಕ್ಕೆ ಮಂಚ, ಒಲೆ, ಮಡಚುವ ಮೇಜು ಕೂರಿಸಿ ಮೋಟಾರು ಮನೆ ಮಾಡಿಸಿದೆವು. ದೇಶದ ಸಂಗ್ರಹಾಲಯಗಳನ್ನೂ ಸ್ಮಾರಕಗಳನ್ನೂ ನೋಡುವುದು, ಮೊದಲು ದೆಹಲಿಯ ಸುತ್ತಮುತ್ತ ಮುಗಿಸುವುದು ಎಂದು ವಿಮಲಾ ಪಟ್ಟಿ ಹಾಕಿದಳು. ನಿಲ್ಲಿಸಿದಲ್ಲೆಲ್ಲ ಯಾರಾದರೊಬ್ಬರು ಬಂದು, "ಅಂಕಲ್, ಯೇ ಆಂಬುಲೆನ್ಸ್ ಹೈ ಕ್ಯಾ?" ಎಂದು, ಇದೇನು ಆಂಬುಲೆನ್ಸೇ ಎಂದು ಕೇಳುವರು.

ಆ ಪಯಣದಲ್ಲಿ ನನಗೆ ಸ್ಮಾರಕಗಳಿಗಿಂತ ಅವನ್ನು ನೋಡಲು ಬಂದವರೇ ಹೆಚ್ಚು ಕಣ್ಣಿಗೆ ಬಿದ್ದರು. ಗೋರಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುವವರು, ಗೋಡೆಯ ಮೇಲೆ ಹೆಸರು ಕೆತ್ತುವವರು, ಬಾಯಿಗೆ ಬಂದ ಇಸವಿ ಹೇಳುವ ಗೈಡುಗಳು. ಫಿರೋಜ್ ಶಾ ಕೋಟ್ಲಾಗೆ ಹೋದದ್ದು ನಾಲ್ಕು ವರ್ಷಗಳ ಹಿಂದೆ, ಮಾರ್ಚ್ ಕೊನೆಯ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ. ಆ ಪಾಳು ಕೋಟೆಯಲ್ಲಿ ಜಿನ್ನುಗಳಿದ್ದಾರೆ, ಗುರುವಾರ ಅರ್ಜಿ ಕೊಟ್ಟರೆ ಈಡೇರಿಸುತ್ತಾರೆ ಎಂದು ಜನ ನಂಬುತ್ತಾರೆ. ನಿಜವಾದ ಅರ್ಜಿ, ಕಾಗದದ ಮೇಲೆ ಬರೆದದ್ದು. ಜೆರಾಕ್ಸ್ ಮಾಡಿಸಿ ಒಂದೊಂದು ಕೋಣೆಯಲ್ಲಿ ಒಂದೊಂದು ಪ್ರತಿ ಇಡುತ್ತಾರೆ, ಒಬ್ಬ ಅಧಿಕಾರಿ ನೋಡದಿದ್ದರೆ ಇನ್ನೊಬ್ಬ ನೋಡಲಿ ಎಂಬಂತೆ. ನನಗೆ ನಗು ತಡೆಯಲಾಗಲಿಲ್ಲ.

ನೆಲಮಾಳಿಗೆಯ ಒಂದು ಕೋಣೆಯಲ್ಲಿ ಗೋಡೆಯ ಗೂಡಿನಿಂದ ಜಾರಿಬಿದ್ದ ಒಂದು ಹಾಳೆಯನ್ನು ಎತ್ತಿಕೊಂಡೆ. ಅದು ಜೆರಾಕ್ಸ್ ಪ್ರತಿಯಲ್ಲ, ನೀಲಿ ಶಾಯಿಯಲ್ಲಿ ಬರೆದ ಮೂಲ. ಹಿಂದಿಯಲ್ಲಿ ನಾಲ್ಕೇ ಸಾಲು. ಸುನೀತಾ ಎಂಬ ತಾಯಿ, ಏಳು ವರ್ಷದ ಮಗಳು ಪಿಂಕಿ ಮಾತು ನಿಲ್ಲಿಸಿಬಿಟ್ಟಿದ್ದಾಳೆ, ಡಾಕ್ಟರು ಗಂಟಲಲ್ಲಿ ದೋಷವಿಲ್ಲ ಎನ್ನುತ್ತಾರೆ, ಮಾತು ಮರಳಿ ಕೊಡಿಸಿ ಎಂದು ಕೇಳಿದ್ದಳು. ಇಷ್ಟು ಓದಿದವನು ಒಂದು ಕ್ಷಣ ಸುಮ್ಮನಿರಬೇಕಿತ್ತು. ನನ್ನ ಕೈ ಆಗಲೇ ಜೇಬಿನ ಪೆನ್ನು ತೆಗೆದಿತ್ತು. ಅಂಚಿನಲ್ಲಿ ಹಿಂದಿಯಲ್ಲಿ ಬರೆದೆ: 'ವಿವರ ಅಪೂರ್ಣ. ವಿಳಾಸವಿಲ್ಲ. ಯಾವಾಗಿನಿಂದ, ಯಾವ ಕಾರಣದಿಂದ ಎಂಬುದಿಲ್ಲ. ಹಿಂದಿರುಗಿಸಿದೆ.' ಕೆಳಗೆ ಕಿರುಸಹಿ, ತಾರೀಖು.

"ರೀ, ಇದು ನಿಮ್ಮ ಆಫೀಸಲ್ಲ," ಎಂದಳು ವಿಮಲಾ.

"ಆಫೀಸಾಗಿದ್ದಿದ್ರೆ ಡೈರಿ ನಂಬರೂ ಹಾಕ್ತಿದ್ದೆ."

"ಯಾರೋ ತಾಯಿ ಕಣ್ರೀ."

"ತಾಯಿಯಾದ್ರೆ ವಿಳಾಸ ಬರೀಬಾರ್ದು ಅಂತಿದ್ಯಾ?"

ಹಾಳೆಯನ್ನು ಗೂಡಿನಲ್ಲಿಟ್ಟು ಮೇಲೊಂದು ಇಟ್ಟಿಗೆ ಚೂರು ಇಟ್ಟೆ. ಇಟ್ಟದ್ದನ್ನು ವಿಮಲಾ ನೋಡಿದ್ದಾಳೆ. ಕೂಡಲೇ ಹೊರಟೆವು.

ಶನಿವಾರ ಹರಿಯಾಣದ ಕಡೆ ಹಳೆಯ ವಾಹನಗಳ ಒಂದು ಸಂಗ್ರಹಾಲಯಕ್ಕೆ ಹೋದೆವು. ಹತ್ತೂವರೆಗೆ ಅಂಗಳದಲ್ಲಿ ಗಾಡಿ ನಿಲ್ಲಿಸಿ ಬೀಗ ಹಾಕಿದೆ. ಹಿಂಬದಿಯ ಬಾಗಿಲು ಹೊರಗಡೆ ತೆರೆಯುತ್ತದೆ. ಕಿಟಕಿಗಳಿಗೆ ಒಳಗಿನಿಂದ ಚಿಲಕ, ಹೊರಗೆ ಸೊಳ್ಳೆಪರದೆ. ಎರಡೂ ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲಿದ್ದವು. ಹೊರಡುವ ಮೊದಲು ಮೇಜು ಒರೆಸಿ ಮಡಚಿದ್ದೆ. ವಿಮಲಾ ಒಂದು ನಿಮಿಷವೂ ನನ್ನನ್ನು ಬಿಟ್ಟು ಹೋಗಿರಲಿಲ್ಲ. ಒಂದೂವರೆಗೆ ಮೊಸರನ್ನ ತಿನ್ನಲು ಬಂದೆವು. ಬೀಗ ಹಾಕಿದಂತೆಯೇ ಇತ್ತು. ಒಳಗೆ ಮೇಜು ಬಿಡಿಸಿತ್ತು. ಅದರ ಮೇಲೆ ಆ ಹಾಳೆ ಇತ್ತು.

ನನ್ನ ಟಿಪ್ಪಣಿ, ನನ್ನ ಕಿರುಸಹಿ. ಅದರ ಕೆಳಗೆ ಅರ್ಜಿಯ ಅಕ್ಷರದಲ್ಲೇ, ಅದೇ ನೀಲಿ ಶಾಯಿಯಲ್ಲಿ, ನಾನು ಕೇಳಿದ್ದಕ್ಕೆ ಒಂದೊಂದಾಗಿ ಉತ್ತರ. ವಿಳಾಸ: ಸರಾಯ್ ಕಾಲೇ ಖಾನ್, ಗಲ್ಲಿ, ಮನೆ ನಂಬರು. ಯಾವಾಗಿನಿಂದ: ಹೋಳಿಯ ಮರುದಿನ ಬೆಳಿಗ್ಗೆಯಿಂದ. ಕಾರಣ: ಮನೆಯ ಮಾತನ್ನು ಮಗಳು ಮನೆಯೊಡತಿಗೆ ಹೇಳಿದಳೆಂದು ತಾಯಿ ಸೌಟಿನಿಂದ ಬಾಯಿಯ ಮೇಲೆ ಹೊಡೆದು, ಇನ್ನು ಒಂದು ಮಾತೂ ಆಡಬೇಡ ಎಂದಳು. ಮಗು ಆಡಲಿಲ್ಲ. ಆಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಯಾರೋ ಹಿಂಬಾಲಿಸಿ ಬಂದು ಕಿಡಿಗೇಡಿತನ ಮಾಡಿದ್ದಾರೆ ಎಂದು ನಾನು ಜೋರಾಗಿಯೇ ಹೇಳಿದೆ. ಕಿಟಕಿಗಳನ್ನು ಮೂರು ಸಲ ನೋಡಿದೆ. ಚಿಲಕಗಳೆಲ್ಲ ಹಾಕಿದ್ದವು. ವಿಮಲಾ ಹಾಳೆಯನ್ನು ಎರಡು ಸಲ ಓದಿ, "ಈಗ ಪೂರ್ತಿ ಇದೆ. ಏನ್ ಮಾಡ್ತೀರಿ?" ಎಂದಳು. ಆ ಸಂಜೆ ನಾವು ದೆಹಲಿಗೆ ತಿರುಗಿದೆವು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಮನೆ ಸಿಕ್ಕಿತು. ಒಂದೇ ಕೋಣೆ. ಸುನೀತಾ ಬಟಾಣಿ ಬಿಡಿಸುತ್ತಿದ್ದಳು. ಹುಡುಗಿ ಸಿಪ್ಪೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಹಾಳೆ ಕೊಟ್ಟೆ. ಅಕ್ಷರ ನೋಡಿ, ಹೌದು, ನನ್ನದೇ ಎಂದಳು. ಕೆಳಗಿನ ಸಾಲುಗಳಿಗೆ ಬಂದಾಗ ಅವಳ ತುಟಿ ನಿಂತಿತು. ಬರಹ ತನ್ನದೇ, ಆದರೆ ತಾನು ಬರೆದದ್ದಲ್ಲ. ಗುರುವಾರ ಬೆಳಿಗ್ಗೆ ಅರ್ಜಿ ಇಟ್ಟು ಬಂದವಳು ಮತ್ತೆ ಹೋಗಿಲ್ಲ. ಸೌಟಿನ ವಿಷಯ ಗಂಡನಿಗೂ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ ಎಂದಳು. ಆಮೇಲೆ ಅಂಚಿನ ಟಿಪ್ಪಣಿಯ ಮೇಲೆ ಬೆರಳಿಟ್ಟು ಇದನ್ನು ಬರೆದವರು ಯಾರೆಂದು ಕೇಳಿದಳು.

ನಾನು ಎಂದೆ.

"ಅಚ್ಛಾ, ಆಪ್ ವಹಾಂ ಸೇ ಹೈಂ," ಎಂದಳು, ನೀವು ಅಲ್ಲಿಯವರೋ, ಆ ಕೋಟೆಯವರೋ ಎಂದು. ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತಳು. "ಸಾಬ್, ಅರ್ಜಿ ಮಂಜೂರ್ ಹುಯೀ?"

ನಾನು ಅಲ್ಲಿಯವನಲ್ಲ ಎಂದು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ವಿಚಾರಾಧೀನ್ ಹೈ." ಪರಿಶೀಲನೆಯಲ್ಲಿದೆ. ಸಾವಿರಾರು ಜನರಿಗೆ ಹೇಳಿದ ಆ ಮಾತನ್ನು ಕೇಳುವವರ ಮುಖ ಹೇಗಿರುತ್ತದೆಂದು ನಾನು ಎಂದೂ ನೋಡಿರಲಿಲ್ಲ. ಅವತ್ತು ನೋಡಿದೆ. ಅವಳಿಗೆ ಕೋಪ ಬರಲಿಲ್ಲ. ಕಾಲಿಗೆ ಮೆತ್ತಿಕೊಂಡದ್ದನ್ನು ನೋಡುವಂತೆ ನೋಡಿದಳು. "ಸಬ್ ಯಹೀ ಕಹತೇ ಹೈಂ," ಎಲ್ಲರೂ ಇದನ್ನೇ ಹೇಳುತ್ತಾರೆ ಎಂದು, ಮತ್ತೆ ಬಟಾಣಿಯ ಮುಂದೆ ಕುಳಿತಳು.

ವಿಮಲಾ ಅವಳ ಪಕ್ಕ ನೆಲದ ಮೇಲೆ ಕುಳಿತು ಮೆಲ್ಲಗೆ ಹಿಂದಿಯಲ್ಲಿ ಕೇಳಿದಳು: ಮಾತಾಡಬೇಡ ಅಂದವಳು ನೀನು. ಮಾತಾಡು ಅಂತ ಅವಳಿಗೆ ಹೇಳಿದ್ದೀಯಾ? ಸುನೀತಾ ಬಟಾಣಿಯನ್ನು ಪಕ್ಕಕ್ಕೆ ಸರಿಸಿದಳು. ಮಾತು ಬರಿಸಿ ಎಂದು ಜಿನ್ನಿಗೆ ಹೇಳಿದ್ದಳು, ಡಾಕ್ಟರಿಗೆ ಹೇಳಿದ್ದಳು, ಮಗಳಿಗೆ ಹೇಳಿರಲಿಲ್ಲ. ಮಗಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳತೊಡಗಿದಳು, ಅಳುತ್ತಲೇ. ಹುಡುಗಿ ಅವಳ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ನಾವು ಇದ್ದಷ್ಟು ಹೊತ್ತು ಅವಳ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಹೊರಡುವಾಗ ಸುನೀತಾ ಹಾಳೆಯನ್ನು ವಿಮಲಾಳ ಕೈಗೇ ಮರಳಿಸಿ, ಅವಳ ಫೋನ್ ನಂಬರು ಕೇಳಿ ಬರೆದುಕೊಂಡಳು.

ಮುಂದಿನ ವಿಷಯ ಸುನೀತಾಳಿಂದ ವಿಮಲಾಗೆ ಫೋನಿನಲ್ಲಿ ಬಂತು, ಐದು ವಾರದ ಮೇಲೆ. ತಲೆ ಬಾಚುವಾಗ ಹುಡುಗಿ "ನಹೀಂ" ಎಂದಳಂತೆ. ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಹೆದರಿದ ಮಕ್ಕಳಲ್ಲಿ ಹೀಗಾಗುವುದುಂಟು, ಹೆದರಿಸಿದವರೇ ಸಮಾಧಾನ ಮಾಡಿದರೆ ಸರಿಹೋಗುವುದೂ ಉಂಟು ಎಂದರು. ಅದನ್ನು ನಾನು ಒಪ್ಪುತ್ತೇನೆ. ಆದರೆ ಬೀಗ ಹಾಕಿದ ಗಾಡಿಯೊಳಗೆ ಮೇಜನ್ನು ಬಿಡಿಸಿದವರು ಯಾರು, ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿದ್ದುದನ್ನು ಬರೆದವರು ಯಾರು ಎಂದು ಅವರನ್ನು ಕೇಳಲಿಲ್ಲ. ಕೇಳಿದ್ದರೆ ಅವರು ಎದ್ದು ಲೋಟ ತೊಳೆಯಲು ಹೋಗುತ್ತಿದ್ದರು.

ಫೋನಿಟ್ಟ ದಿನ ವಿಮಲಾ ಹಾಳೆಯನ್ನು ನನ್ನ ಮುಂದಿಟ್ಟು, "ಮಂಜೂರು ಅಂತ ಬರೆದು ಮುಗಿಸಿಬಿಡಿ," ಎಂದಳು. ಪೆನ್ನು ತೆಗೆದೆ. 'ಮಂಜೂರಾಗಿದೆ' ಎಂದು ಬರೆದೆ ಕೂಡ. ಅದರ ಕೆಳಗೆ ಯಾರ ಪರವಾಗಿ ಸಹಿ ಮಾಡಬೇಕೆಂದು ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.