ಟವೆಲಿನ ಒಂದು ತುದಿ

ಬಾಯೊಳಗಿಡುವ ಪುಟ್ಟ ಕನ್ನಡಿಯನ್ನು ಡಾಕ್ಟರು ಮೊದಲು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡುತ್ತಿದ್ದರು. ಕಂಪ್ಲಿಯ ಒಕ್ಕಲು ಮನೆತನದವರು, ಬೆರಳೆಲ್ಲ ದಪ್ಪ ದಪ್ಪ. ಹೊಸಪೇಟೆಯ ಅವರ ದವಾಖಾನೆಯಲ್ಲಿ ನನ್ನ ಬಾಯಿಗೆ ತಣ್ಣಗಿನದೇನೂ ತಾಗಿದ ನೆನಪಿಲ್ಲ.

ನಾನು ಹಂಪಿಯಲ್ಲಿ ಗೈಡ್. ಸೋಡಾ ಬಾಟಲಿಯ ಮುಚ್ಚಳ ಕಚ್ಚಿ ತೆಗೆಯಲು ಹೋಗಿ ಮುಂದಿನ ಹಲ್ಲು ಮುರಿದುಕೊಂಡಿದ್ದೆ. ಹಲ್ಲಿನ ಬಣ್ಣದ್ದೇ ಏನೋ ಮೆತ್ತಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡಿ, ಅವರು ಅದನ್ನು ಮೊದಲಿನ ಹಾಗೇ ಮಾಡಿಕೊಟ್ಟರು. ಬಾಂಡಿಂಗ್ ಅಂತಾರೆ ಅದಕ್ಕೆ.

"ಒಂದೆರಡು ವಾರ ಜುಂ ಅಂತೈತಿ, ಹೆದರಬ್ಯಾಡ. ಹಲ್ಲಿರೋದು ಉಣ್ಣಾಕ, ನಗಾಕ. ಇಕ್ಕಳ ಅಲ್ಲ ಅದು," ಅಂದರು. ಬಂದವರಿಗೆಲ್ಲ ಹೇಳುವ ಮಾತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಿಂಗಳಾದರೂ ಜುಂ ಹೋಗಲಿಲ್ಲ. ನೀರಿರಲಿ, ಮಾತಾಡಲು ಬಾಯಿ ತೆರೆದರೆ ಬೆಳಗಿನ ಗಾಳಿ ತಾಗಿಯೇ ಕಣ್ಣಲ್ಲಿ ನೀರು. ಮಾತೇ ನನ್ನ ಅನ್ನ. ಬಾಯಿಗೆ ಕರ್ಚೀಫು ಹಿಡಿದ ಗೈಡನ್ನು ಯಾರು ಕರೆಯುತ್ತಾರೆ? ಮತ್ತೆ ದವಾಖಾನೆಗೆ ಹೋದೆ.

"ಕಿತ್ತು ಬಿಡ್ರಿ ಸರ, ಸಾಕಾಗೇತಿ."

"ನಾಳೆ ಐತವಾರ. ಹಂಪಿ ನೋಡಿ ಭಾಳ ದಿನ ಆತು, ಬರ್ತೀನಿ," ಅಂದರು.

ಬಂದೇಬಿಟ್ಟರು. ಪ್ರವಾಸಿಗರ ಹಿಂದೆ ಸುಮ್ಮನೆ ನಡೆದರು. ವಿರೂಪಾಕ್ಷ ಗುಡಿಯ ಕತ್ತಲ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದಲ್ಲ, ಅದು ಚೆನ್ನಾಗಿ ಕಾಣಲೆಂದು ನಾನು ಬಿಳಿ ಟವೆಲ್ ಹರಡಿ ಹಿಡಿಯುತ್ತೇನೆ. ಒಂದು ತುದಿ ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಕೈಯಿಂದ ಜಗ್ಗುವುದು ನನ್ನ ರೂಢಿ. ಗುಂಪು ಬಂದಾಗಲೆಲ್ಲ ಹೀಗೇ.

ಡಾಕ್ಟರು ಮುಂದೆ ಬಂದು ಟವೆಲನ್ನು ಮೆಲ್ಲಗೆ ನನ್ನ ಬಾಯಿಂದ ಬಿಡಿಸಿದರು. "ಈಗರೆ ಕಟ್ಟಿದ ಹಲ್ಲಿಗೆ ಈ ಕೆಲಸಾನ? ಹಸಿ ಬಾಣಂತಿ ತಲಿಮ್ಯಾಲೆ ಕೊಡ ಹೊರಿಸಿದಂಗಾತಲ್ಲೋ," ಅಂತ ನಕ್ಕರು. ಆ ತುದಿಯನ್ನು ತಾವೇ ಹಿಡಿದು ನಿಂತರು. ಆ ಬೆಳಗ್ಗೆ ಬಂದ ಗುಂಪುಗಳಿಗೆಲ್ಲ ಅವರೇ ಹಿಡಿದರು. ಜನ ಅವರನ್ನು ನನ್ನ ಅಸಿಸ್ಟೆಂಟ್ ಅಂದುಕೊಂಡರು. ಅವರು ಅಲ್ಲ ಅನ್ನಲೂ ಇಲ್ಲ.

ಆಮೇಲೆ ಹಲ್ಲಿಗೆ ಏನೋ ಔಷಧಿ ಸವರಿದರು. ಕಚ್ಚುವುದು ಬಿಟ್ಟೆ, ಜುಂ ತಾನಾಗಿ ಇಳಿಯಿತು. ಹಲ್ಲು ಉಳಿಯಿತು, ಅನ್ನವೂ ಉಳಿಯಿತು. ಟವೆಲಿನ ಆ ತುದಿಯನ್ನು ಈಗ ಗುಂಪಿನಲ್ಲಿ ಯಾರಾದರೂ ಹಿರಿಯರ ಕೈಗೆ ಕೊಡುತ್ತೇನೆ.

ಹೋದ ಬೇಸಿಗೆಯಲ್ಲಿ ಡಾಕ್ಟರು ಮಲಗಿದಲ್ಲೇ ತೀರಿಕೊಂಡರು. ಅವರ ಮನೆಯಂಗಳದಲ್ಲಿ ಕಡೆಯ ಸ್ನಾನ ಮಾಡಿಸುವಾಗ ಮರೆಗೆಂದು ಬಿಳಿ ಪಂಚೆ ಹಿಡಿದಿದ್ದರು. ಒಂದು ತುದಿಗೆ ಆಳಿರಲಿಲ್ಲ. ನಾನು ಹೋಗಿ ಎರಡೂ ಕೈಯಿಂದ ಹಿಡಿದೆ.

"ನೀರು ಬೆಚ್ಚಗ ಅದಾವೇನ್ರಿ?" ಅಂತ ಕೇಳಿದೆ.

ಬೆಚ್ಚಗಿದ್ದವು.